ಮೀನಿನ ವಾಸನೆಯ ಪುಸ್ತಕ

“ಅಜ್ಜಿ, ನಿಂಗೆ ಯಾರಾದ್ರೂ ಸಾಯೋ ಪುಸ್ತಕ ಇಷ್ಟಾನಾ, ಯಾರೂ ಸಾಯದೇ ಇರೋದಾ?”

ಅಜ್ಜಿಯ ಹೆಣಿಗೆ ಕಡ್ಡಿಗಳು ಒಂದು ಕ್ಷಣ ನಿಂತವು. ಅಜ್ಜಿಯ ಮನೆಯ ಗೋಡೆ ಗಡಿಯಾರ ಮಾತ್ರ ಟಕ್, ಟಕ್ ಎನ್ನುತ್ತಿತ್ತು. ಅದು ಒಂದು ಕಾಲು ಎಳೆದುಕೊಂಡು ನಡೆಯುವವರ ಹಾಗೆ, ಒಂದು ಟಕ್ ಜೋರು, ಒಂದು ಮೆಲ್ಲಗೆ.

“ಯಾರು ಸಾಯ್ತಾರೆ ಅಂತ ನೋಡ್ಬೇಕು,” ಎಂದಳು ಅಜ್ಜಿ. “ಕೆಟ್ಟವನು ಸತ್ರೆ ಪರವಾಗಿಲ್ಲ. ನಾಯಿ ಸಾಯಬಾರ್ದು.”

“ದಪ್ಪ ಪುಸ್ತಕಾನಾ, ತೆಳು ಪುಸ್ತಕಾನಾ?”

“ಒಳ್ಳೇ ಪುಸ್ತಕ.”

“ಅದು ಉತ್ತರ ಅಲ್ಲ ಅಜ್ಜಿ!”

“ಪೊಲೀಸರೂ ಇಷ್ಟು ಕೇಳಲ್ಲ ಕಣೇ. ಹೋಗು, ಒಂಚೂರು ಕಾಫಿ ಬಗ್ಗಿಸ್ಕೊಂಡು ಬಾ.”

ಸ್ವಾಲಾ ಕಾಫಿ ತಂದುಕೊಟ್ಟಳು. ಆದರೆ ತಲೆಯೊಳಗಿನ ಗಂಟು ಹಾಗೇ ಉಳಿಯಿತು.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅವರ ಊರಿನಲ್ಲಿ, ಅಷ್ಟೇ ಏಕೆ, ಇಡೀ ಐಸ್‌ಲ್ಯಾಂಡಿನಲ್ಲಿ, ಪುಸ್ತಕ ಸಿಗದವರೇ ಇರುವುದಿಲ್ಲ. ಊಟ ಮುಗಿಯುತ್ತದೆ, ಗಿಫ್ಟ್ ಬಿಚ್ಚುತ್ತಾರೆ, ಆಮೇಲೆ ಒಬ್ಬೊಬ್ಬರೂ ತಮ್ಮ ಹೊಸ ಪುಸ್ತಕ ಎತ್ತಿಕೊಂಡು ಹಾಸಿಗೆಗೆ ಹೋಗುತ್ತಾರೆ. ಸ್ವಾಲಾಳ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಪದ್ಧತಿ ಇತ್ತು. ಮನೆಯ ಮಗುವಿಗೆ ಹತ್ತು ತುಂಬಿದ ವರ್ಷ ಎಲ್ಲರ ಪುಸ್ತಕಗಳನ್ನೂ ಆ ಮಗುವೇ ಆರಿಸಬೇಕು. ದೊಡ್ಡವರು ಬಾಯಿ ಹಾಕುವಂತಿಲ್ಲ.

ಅಣ್ಣ ಟಿಂಡುರ್‌ಗೆ ಹತ್ತು ತುಂಬಿದಾಗ ಅವನು ಎಲ್ಲರಿಗೂ ಶಾರ್ಕ್ ಮೀನಿನ ಪುಸ್ತಕ ಕೊಟ್ಟಿದ್ದ. ಅಪ್ಪನಿಗೊಂದು, ಅಮ್ಮನಿಗೊಂದು, ಅಜ್ಜಿಗೊಂದು, ಐದು ವರ್ಷದ ಸ್ವಾಲಾಳಿಗೂ ಒಂದು. ಅದನ್ನು ಈಗಲೂ ಮನೆಯಲ್ಲಿ ಹೇಳಿಕೊಂಡು ನಗುತ್ತಾರೆ.

ಈ ವರ್ಷ ಹತ್ತು ತುಂಬಿದ್ದು ಸ್ವಾಲಾಳಿಗೆ. ತಾನು ಹಾಗೆ ಮಾಡಬಾರದು ಎಂದು ಅವಳು ನಿರ್ಧರಿಸಿದ್ದಳು. ಅವಳು ನವೆಂಬರ್‌ನಿಂದಲೇ ಮನೆಯವರನ್ನು ಕದ್ದು ನೋಡುತ್ತಿದ್ದಳು. ಅಮ್ಮ ಪುಸ್ತಕ ಹಿಡಿದರೆ ಮೂರನೇ ಪುಟಕ್ಕೆ ನಿದ್ದೆ. ಬೆಳಿಗ್ಗೆ ಎದ್ದು ಪುಸ್ತಕವನ್ನು ಹಾಸಿಗೆಯ ಸಂದಿಯಿಂದ ಹುಡುಕಿ ತೆಗೆಯುತ್ತಾಳೆ. ಅವಳಿಗೆ ಎರಡೆರಡೇ ಪುಟದ ಪುಟ್ಟ ಕತೆಗಳ ಪುಸ್ತಕ ಸಾಕು. ಅಪ್ಪ ಮೀನು ಹಡಗಿನಲ್ಲಿ ಕೆಲಸ ಮಾಡುವವನು. ಅವನು ಓದುವುದು ಕಡಿಮೆ, ಚಿತ್ರ ನೋಡುವುದು ಜಾಸ್ತಿ. ಅವನಿಗೆ ಹಳೆಯ ದೀಪಸ್ತಂಭಗಳ ಪುಸ್ತಕ.

ಟಿಂಡುರ್‌ನ ಕತೆಯೇ ಬೇರೆ. ಅವನು ಯಾವ ಪುಸ್ತಕ ಸಿಕ್ಕರೂ ಮೊದಲು ಕೊನೆಯ ಪುಟ ತೆರೆಯುತ್ತಾನೆ. “ಓ, ಇವನೇ ಕಳ್ಳ. ಸರಿ, ಮುಗೀತು,” ಎಂದು ಪುಸ್ತಕ ಮುಚ್ಚಿಬಿಡುತ್ತಾನೆ. ಇಂಥವನಿಗೆ ಏನು ಕೊಡುವುದು?

ಆ ಗಂಟನ್ನು ಬಿಡಿಸಿದ್ದು ಪುಸ್ತಕದಂಗಡಿಯ ಡ್ರೀಫಾ. ಆಕೆ ಏಣಿ ಹತ್ತಿ ಮೇಲಿನ ಕಪಾಟಿನಿಂದ ಒಂದು ಪುಸ್ತಕ ಇಳಿಸಿದಳು. ಅದಕ್ಕೆ ಎರಡು ಮುಖಪುಟ. ಈ ಕಡೆಯಿಂದ ಒಂದು ಕತೆ, ತಿರುಗಿಸಿ ಹಿಡಿದರೆ ಆ ಕಡೆಯಿಂದ ಇನ್ನೊಂದು. ಎರಡೂ ಬಂದು ನಡುವಿನಲ್ಲಿ ಸೇರುತ್ತವೆ.

“ಇದಕ್ಕೆ ಕೊನೇ ಪುಟಾನೇ ಇಲ್ಲ!” ಸ್ವಾಲಾ ಅಂಗಡಿಯಲ್ಲೇ ಕುಣಿದಿದ್ದಳು.

ಉಳಿದದ್ದು ಅಜ್ಜಿ.

ಅಜ್ಜಿಯ ವಿಷಯ ಊರಿಗೇ ಗೊತ್ತು. ಅಜ್ಜಿ ಯಾರು ಕೊಟ್ಟ ಪುಸ್ತಕವನ್ನೂ ಇಟ್ಟುಕೊಂಡವಳಲ್ಲ. ಹಬ್ಬಕ್ಕೆ ಮಾರುವ ಪುಸ್ತಕಗಳಿಗೆಲ್ಲ ಬಿಗಿಯಾದ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದರ ಮೇಲೆ ಒಂದು ದುಂಡನೆಯ ಸ್ಟಿಕ್ಕರ್. ಆ ಪ್ಲಾಸ್ಟಿಕ್ಕೂ ಸ್ಟಿಕ್ಕರೂ ನೆಟ್ಟಗೆ ಇದ್ದರೆ, ಹಬ್ಬ ಮುಗಿದ ಮೇಲೆ ಅಂಗಡಿಗೆ ಹೋಗಿ ಬೇರೆ ಪುಸ್ತಕ ತೆಗೆದುಕೊಳ್ಳಬಹುದು. ಅಂಗಡಿ ತೆರೆದ ದಿನ ಅಜ್ಜಿ ಚೀಲ ಹಿಡಿದು ಕ್ಯೂನಲ್ಲಿ ನಿಂತಿರುತ್ತಾಳೆ. ಶಾರ್ಕ್ ಪುಸ್ತಕವೂ ಹಾಗೇ ಹೋಗಿತ್ತು. ಕಳೆದ ವರ್ಷ ಅಮ್ಮ ಎಷ್ಟೋ ಯೋಚಿಸಿ ಕೊಟ್ಟಿದ್ದ ಪುಸ್ತಕವೂ ಹೋಗಿತ್ತು.

“ದುಃಖದ ಕತೆ ಅಂತೆ. ದುಃಖಕ್ಕೆ ನಮಗೆ ಚಳಿಗಾಲ ಇಲ್ವಾ?” ಎಂದಿದ್ದಳು ಅಜ್ಜಿ.

ಅಮ್ಮ ನಕ್ಕಿದ್ದಳು. ಆದರೆ ಆ ನಗು ಬಾಯಲ್ಲಿ ಮಾತ್ರ ಇತ್ತು. ಸ್ವಾಲಾ ಅದನ್ನು ನೋಡಿದ್ದಳು.

ಅಜ್ಜಿ ಇಟ್ಟುಕೊಳ್ಳುವಂಥ ಒಂದು ಪುಸ್ತಕ. ಒಂದೇ ಒಂದು. ಸ್ವಾಲಾಳಿಗೆ ಬೇಕಾಗಿದ್ದುದು ಅದು.

“ಡ್ರೀಫಾ, ಇದು ಯಾವುದು?” ಕೊನೆಗೆ ಅವಳು ಒಂದು ಪುಸ್ತಕದ ಮೇಲೆ ಬೆರಳಿಟ್ಟಳು. ಮುಖಪುಟದ ಮೇಲೆ ಒಬ್ಬ ಹೆಂಗಸು, ಕಿವಿಗೆ ಒತ್ತಿಹಿಡಿದ ಹಳೇ ಕಾಲದ ಫೋನು.

“ಹಿಂದೆಲ್ಲ ಹಳ್ಳಿ ಕಡೆ ಹತ್ತು ಮನೆಗೆ ಒಂದೇ ಫೋನ್ ತಂತಿ ಇತ್ತು ನೋಡು. ಒಂದು ಮನೆಗೆ ಫೋನ್ ಬಂದ್ರೆ ಉಳಿದ ಒಂಬತ್ತು ಮನೆಯವರೂ ಮೆಲ್ಲಗೆ ಎತ್ತಿ ಕೇಳಿಸ್ಕೊಳ್ತಿದ್ರು. ಆ ಕಾಲದ ಕತೆ.”

ಎಲ್ಲರ ಸುದ್ದಿಯೂ ಬೇಕು ಅಜ್ಜಿಗೆ. ಸ್ವಾಲಾ ಪುಸ್ತಕ ಎತ್ತಿಕೊಂಡಳು. “ಇದರಲ್ಲಿ ನಾಯಿ ಸಾಯುತ್ತಾ?”

“ಗೊತ್ತಿಲ್ಲ ಪುಟ್ಟಾ. ಹೋದ ವಾರ ಬಂದಿದ್ದು, ನಾನಿನ್ನೂ ಓದಿಲ್ಲ.”

ಗೊತ್ತಿಲ್ಲ ಎಂದರೆ ಏನು ಮಾಡುವುದು? ಸ್ವಾಲಾ ಪುಸ್ತಕವನ್ನು ಮನೆಗೆ ತಂದಳು. ಎರಡು ದಿನ ಅದನ್ನು ಹಿಂದೆ ಮುಂದೆ ತಿರುಗಿಸಿದಳು. ಪ್ಲಾಸ್ಟಿಕ್ ಮೇಲಿನಿಂದ ಎಷ್ಟು ಕಣ್ಣು ಕಿರಿದು ಮಾಡಿದರೂ ಒಳಗೆ ಏನಿದೆ ಎಂದು ಕಾಣುವುದಿಲ್ಲ. ದುಃಖದ್ದಾ? ನಾಯಿ ಇದೆಯಾ? ಗೊತ್ತಾಗಬೇಕಾದರೆ ಒಂದೇ ದಾರಿ.

ಅವಳು ಗ್ಯಾರೇಜಿಗೆ ಹೋಗಿ, ಫ್ರೀಜರ್ ಮೇಲೆ ಹತ್ತಿ ಕುಳಿತು, ಉಗುರಿನಿಂದ ಪ್ಲಾಸ್ಟಿಕ್ಕಿನ ಮೂಲೆ ಕೆರೆದಳು. ಚರ್ ಎಂದು ಹರಿಯಿತು.

ಎರಡೇ ಪುಟ ಎಂದುಕೊಂಡಿದ್ದಳು. ಕಿತ್ತಳೆ ಹಣ್ಣಿನ ತೊಳೆ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಾ ಓದಿದಳು. ಕತೆಯಲ್ಲಿ ಡೀಸಾ ಎಂಬ ಹೆಂಗಸು ಇದ್ದಳು. ಅವಳು ಫೋನ್ ಎತ್ತಿ ಸುಮ್ಮನೆ ಕೇಳಿಸಿಕೊಳ್ಳುವಳು. ತನ್ನ ಹಾಗೆ ಇನ್ಯಾರು ಕದ್ದು ಕೇಳುತ್ತಿದ್ದಾರೆ ಎಂಬುದೂ ಅವಳಿಗೆ ತಿಳಿಯುತ್ತಿತ್ತು. ಒಂದು ಮನೆಯಿಂದ ಕೋಳಿಯ ಸದ್ದು, ಒಂದು ಮನೆಯಿಂದ ಮುದುಕನ ಕೆಮ್ಮು, ಒಂದು ಮನೆಯಿಂದ ಬರೀ ಉಸಿರು. ಸ್ವಾಲಾಳಿಗೆ ನಗು ತಡೆಯಲಾಗಲಿಲ್ಲ. ಮರುದಿನವೂ ಬಂದು ಓದಿದಳು. ಅದರ ಮರುದಿನವೂ.

ನಾಯಿ ಇತ್ತು. ಅಲ್ಲಿವರೆಗೂ ಬದುಕಿತ್ತು.

ಒಂಬತ್ತನೇ ಅಧ್ಯಾಯದ ಕೊನೆಯಲ್ಲಿ ಇಬ್ಬರು ಗಂಡಸರು ಫೋನಿನಲ್ಲಿ ಪಿಸುಗುಟ್ಟುತ್ತಿದ್ದರು. ಪಕ್ಕದ ಮನೆಯ ಮುದುಕನ ಕುದುರೆಯನ್ನು ಮೋಸದಿಂದ ಹೊಡೆದುಕೊಳ್ಳುವ ಉಪಾಯ ಅದು. ಡೀಸಾ ಎಲ್ಲ ಕೇಳಿಸಿಕೊಂಡಳು. ಮುದುಕನಿಗೆ ಹೇಳಬೇಕು. ಹೇಳಿದರೆ, ತಾನು ಕದ್ದು ಕೇಳಿದ್ದು ಊರಿಗೆಲ್ಲ ಗೊತ್ತಾಗುತ್ತದೆ.

“ಅಯ್ಯೋ!” ಎಂದಳು ಸ್ವಾಲಾ.

“ಏನು ಅಯ್ಯೋ?”

ಟಿಂಡುರ್ ಗ್ಯಾರೇಜ್ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ನೇರವಾಗಿ ನೆಲದ ಮೇಲೆ ಬಿದ್ದಿದ್ದ ಪ್ಲಾಸ್ಟಿಕ್ಕಿಗೆ ಹೋಯಿತು.

“ಅದು ಅಜ್ಜಿ ಪುಸ್ತಕಾನಾ? ಪ್ಲಾಸ್ಟಿಕ್ ತೆಗೆದುಬಿಟ್ಯಾ?”

“ಚೆನ್ನಾಗಿದ್ಯಾ ಅಂತ ನೋಡ್ಬೇಕಿತ್ತು.”

“ಲೇ ಪೆದ್ದಿ, ಇನ್ನು ಅಜ್ಜಿ ಅದನ್ನ ಬದಲಾಯಿಸೋಕೆ ಆಗಲ್ಲ. ಸ್ಟಿಕ್ಕರೂ ಹರಿದುಹೋಯ್ತು.”

“ಒಳ್ಳೇದೇ ಆಯ್ತು! ಹಾಗಾದ್ರೆ ಅಜ್ಜಿ ಇಟ್ಕೋತಾಳೆ.”

ಟಿಂಡುರ್ ಬಾಗಿಲಿಗೆ ಒರಗಿ ನಕ್ಕ. “ಇಟ್ಕೋತಾಳೆ, ಸರಿ. ಯಾಕೆ ಇಟ್ಕೋತಾಳೆ? ಇಷ್ಟ ಆಗಿ ಇಟ್ಕೊಂಡ್ಲೋ, ಬೇರೆ ದಾರಿ ಇಲ್ದೆ ಇಟ್ಕೊಂಡ್ಲೋ, ನಿಂಗೆ ಹೇಗೆ ಗೊತ್ತಾಗುತ್ತೆ?”

ಸ್ವಾಲಾ ಪುಸ್ತಕ ಮುಚ್ಚಿದಳು.

“ಇವತ್ತು ನಿನ್ನ ಬೂಟಲ್ಲಿ ಆಲೂಗಡ್ಡೆ ಗ್ಯಾರಂಟಿ,” ಎಂದು ಹೇಳಿ ಅವನು ಹೊರಟುಹೋದ. ಹಬ್ಬದ ಮೊದಲಿನ ರಾತ್ರಿಗಳಲ್ಲಿ ಕಿಟಕಿಯಲ್ಲಿಟ್ಟ ಬೂಟಿಗೆ ಉಡುಗೊರೆ ಬರುತ್ತದೆ. ತಪ್ಪು ಮಾಡಿದವರಿಗೆ ಬರುವುದು ಆಲೂಗಡ್ಡೆ.

ಸ್ವಾಲಾ ಫ್ರೀಜರ್ ಮೇಲೆ ಕುಳಿತೇ ಇದ್ದಳು. ಅಣ್ಣ ಹೇಳಿದ್ದು ತಮಾಷೆಗೆ. ಆದರೆ ಅದು ನಿಜವಾಗಿತ್ತು. ಅಜ್ಜಿ ಬದಲಾಯಿಸದೆ ಇರುವುದು ಅವಳಿಗೆ ಬೇಕಾಗಿತ್ತು. ಈಗ ಬದಲಾಯಿಸುವುದೇ ಸಾಧ್ಯವಿಲ್ಲ. ಎರಡೂ ಒಂದೇ ಅಲ್ಲವಾ? ಅಲ್ಲ. ಯಾಕೆ ಅಲ್ಲ? ಯೋಚಿಸಿದಷ್ಟೂ ಗಂಟು ಬಿಗಿಯಾಯಿತು.

ಅವಳು ಅಡುಗೆಮನೆಯಿಂದ ಊಟ ಮುಚ್ಚುವ ಪ್ಲಾಸ್ಟಿಕ್ ತಂದು ಪುಸ್ತಕಕ್ಕೆ ಸುತ್ತಿ, ಅಮ್ಮನ ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಊದಿದಳು. ಪ್ಲಾಸ್ಟಿಕ್ ಮುದುರಿಕೊಂಡು ಉಂಡೆಯಾಯಿತು. ಪುಸ್ತಕ ಚಳಿಗೆ ಸ್ಕಾರ್ಫ್ ಸುತ್ತಿಕೊಂಡ ಹಾಗೆ ಕಂಡಿತು. ಎಲ್ಲ ಕಿತ್ತು ಬಿಸಾಕಿದಳು. ಪುಸ್ತಕವನ್ನು ಗ್ಯಾರೇಜಿನ ಕಪಾಟಿನಲ್ಲಿ, ಪೇಂಟ್ ಡಬ್ಬಿಗಳ ಹಿಂದೆ ಅಡಗಿಸಿಟ್ಟಳು. ಓದುವ ಮನಸ್ಸೂ ಹೋಗಿತ್ತು. ಅಮ್ಮನಿಗೆ ಹೇಳಬೇಕೆಂದು ಎರಡು ಸಲ ಅಡುಗೆಮನೆಯ ಬಾಗಿಲವರೆಗೂ ಹೋದಳು. ಎರಡು ಸಲವೂ ನೀರು ಕುಡಿದು ಬಂದಳು.

ಆ ಗ್ಯಾರೇಜಿನಲ್ಲಿ ಇನ್ನೇನು ನಡೆಯಲಿದೆ ಎಂಬುದು ಅವಳಿಗೆ ನೆನಪಾಗಲೇ ಇಲ್ಲ.

ಹಬ್ಬಕ್ಕೆ ಇನ್ನೆರಡು ದಿನ ಇರುವಾಗ ಅವರ ಕಡೆಯವರು ತೊರಕೆ ಮೀನು ಬೇಯಿಸುತ್ತಾರೆ. ತಾಜಾ ಮೀನಲ್ಲ, ವಾರಗಟ್ಟಲೆ ಕೊಳೆಯಲು ಬಿಟ್ಟದ್ದು. ಬೇಯುವಾಗ ಅದರ ಘಾಟು ಮೂಗಿಗೆ ಸೂಜಿ ಚುಚ್ಚಿದ ಹಾಗೆ ಏರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅಪ್ಪನಿಗೂ ಅಜ್ಜಿಗೂ ಅದೆಂದರೆ ಪ್ರಾಣ. ಅಮ್ಮ ಮಾತ್ರ ಮನೆಯೊಳಗೆ ಬೇಯಿಸಲು ಬಿಡುವುದಿಲ್ಲ. ಆದ್ದರಿಂದ ಅಪ್ಪ ಪ್ರತಿವರ್ಷ ಬೇಯಿಸುವುದು ಗ್ಯಾರೇಜಿನಲ್ಲಿ.

ಆ ಸಂಜೆ ಸ್ವಾಲಾ ಪುಸ್ತಕ ತೆಗೆಯಲು ಹೋದಾಗ ಗ್ಯಾರೇಜಿನ ತುಂಬ ಹಬೆ. ಅಪ್ಪ ದೊಡ್ಡ ಪಾತ್ರೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದ. “ಬಾ ಬಾ! ಘಮ್ ಅಂತಿದೆ ಅಲ್ವಾ?”

ಅವಳು ಪೇಂಟ್ ಡಬ್ಬಿಗಳ ಹಿಂದಿನಿಂದ ಪುಸ್ತಕ ಎಳೆದು ಸ್ವೆಟರಿನೊಳಗೆ ತುರುಕಿಕೊಂಡು ಓಡಿದಳು. ಕೋಣೆಗೆ ಬಂದು ಮೂಸಿದಳು.

ಕೈಯಲ್ಲಿ ಇದ್ದದ್ದು ಪುಸ್ತಕ. ಮೂಗಿಗೆ ಬಂದದ್ದು ತೊರಕೆ ಮೀನು.

ಕಿಟಕಿ ತೆರೆದು ಹಿಮದ ಗಾಳಿಗೆ ಹಿಡಿದಳು. ಪುಟಗಳ ನಡುವೆ ಕಿತ್ತಳೆ ಸಿಪ್ಪೆ ಇಟ್ಟಳು. ಈಗ ಕಿತ್ತಳೆ ತಿಂದ ತೊರಕೆ ಮೀನಿನ ವಾಸನೆ ಬಂತು. ಊರಿನ ಅಂಗಡಿಗಳೆಲ್ಲ ಇನ್ನೇನು ಮುಚ್ಚುವ ಹೊತ್ತು. ಬೇರೆ ಪುಸ್ತಕ ತರಲು ಅವಳ ಹತ್ತಿರ ದುಡ್ಡೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಅವಳು ಎರಡು ಪದರ ಕಾಗದ ಸುತ್ತಿ, ಮೇಲೆ ಕೆಂಪು ರಿಬ್ಬನ್ ಕಟ್ಟಿದಳು. ಆ ರಿಬ್ಬನ್ ತುಂಬ ಚೆನ್ನಾಗಿತ್ತು. ಅದನ್ನು ನೋಡಿದರೆ ಅಳು ಬರುತ್ತಿತ್ತು.

ಮರುದಿನ, ಹಬ್ಬದ ಹಿಂದಿನ ಸಂಜೆ, ರೇಡಿಯೋದಲ್ಲಿ ಚರ್ಚಿನ ಗಂಟೆ ಬಾರಿಸಿತು. ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಹೊಗೆಯಲ್ಲಿ ಹದ ಮಾಡಿದ ಹಂದಿಮಾಂಸ, ಸಕ್ಕರೆ ಪಾಕದಲ್ಲಿ ಹೊರಳಿಸಿದ ಆಲೂಗಡ್ಡೆ, ಎಲ್ಲ ಇತ್ತು. ಸ್ವಾಲಾಳಿಗೆ ಯಾವುದರ ರುಚಿಯೂ ತಿಳಿಯಲಿಲ್ಲ.

ಅಪ್ಪ ದೀಪಸ್ತಂಭಗಳ ಪುಸ್ತಕ ತೆರೆದವನು ಮೇಲೆ ನೋಡಲೇ ಇಲ್ಲ. “ಇದು ನೋಡು, ಇದರ ಪಕ್ಕದಲ್ಲೇ ಹೋಗ್ತೀವಿ ನಾವು!” ಅಮ್ಮ ತನ್ನ ಪುಟ್ಟ ಕತೆಗಳನ್ನು ತಿರುವಿ, “ಮೂರನೇ ಪುಟದೊಳಗೇ ಮುಗಿಯುತ್ತೆ! ನನ್ನ ಮೇಲೆ ಕಣ್ಣಿಟ್ಟಿದ್ಯಾ ಕಳ್ಳಿ?” ಎಂದು ಸ್ವಾಲಾಳ ಕಿವಿ ಹಿಂಡಿದಳು. ಟಿಂಡುರ್ ಕೊನೆಯ ಪುಟ ತೆರೆದ. ಅದು ಮೊದಲ ಪುಟವಾಗಿತ್ತು. ತಿರುಗಿಸಿದ. ಅದೂ ಮೊದಲ ಪುಟ.

“ಇದೇನಿದು? ಮೋಸ!” ಎಂದ. ಆದರೆ ಸೋಫಾದ ಮೂಲೆಗೆ ಹೋಗಿ ಕುಳಿತು ಓದತೊಡಗಿದ.

ಅಜ್ಜಿ ಕೆಂಪು ರಿಬ್ಬನ್ ಬಿಚ್ಚಿದಳು. ಒಂದು ಪದರ ಕಾಗದ ತೆಗೆದಳು. ಅವಳ ಮೂಗು ಅಲುಗಿತು. ಎರಡನೇ ಪದರ ತೆಗೆದಳು.

“ಯಾರಾದ್ರೂ ಬಾಗಿಲು ಹಾಕ್ರಿ,” ಎಂದಳು ಅಮ್ಮ. “ಗ್ಯಾರೇಜಿಂದ ವಾಸನೆ ಬರ್ತಿದೆ.”

“ಗ್ಯಾರೇಜಿಂದ ಅಲ್ಲ,” ಎಂದಳು ಅಜ್ಜಿ.

ಅವಳು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಉದ್ದಕ್ಕೆ ಉಸಿರೆಳೆದಳು. ಎಲ್ಲರೂ ಅವಳನ್ನೇ ನೋಡಿದರು. ಮೊದಲು ಅಪ್ಪ ನಕ್ಕ. ಆಮೇಲೆ ಟಿಂಡುರ್ ನಕ್ಕ, ನಕ್ಕು ನಕ್ಕು ಸೋಫಾದಿಂದ ಜಾರಿದ. “ಅಜ್ಜಿಗೆ ಮೀನು ಗಿಫ್ಟ್! ಓದಿ ಆದ್ಮೇಲೆ ಬೇಯಿಸಿ ತಿನ್ನಬಹುದು!”

“ಸುಮ್ನಿರೋ,” ಎಂದಳು ಅಮ್ಮ. ಅವಳ ತುಟಿಯೂ ಅದುರುತ್ತಿತ್ತು.

ಅಜ್ಜಿ ಪುಸ್ತಕದ ಬೆನ್ನು ಸವರಿದಳು. ಪ್ಲಾಸ್ಟಿಕ್ ಇರಬೇಕಾದ ಜಾಗದಲ್ಲಿ ಬೆರಳು ನಿಂತಿತು. ತಲೆಯೆತ್ತಿ ಸ್ವಾಲಾಳ ಮುಖವನ್ನೇ ನೋಡಿದಳು. ಸ್ವಾಲಾ ತನ್ನ ಕಾಲುಚೀಲ ನೋಡಿದಳು.

“ಥ್ಯಾಂಕ್ಸ್ ಪುಟ್ಟಾ,” ಎಂದಳು ಅಜ್ಜಿ. ಅಷ್ಟೇ. ಇಷ್ಟ ಆಯಿತು ಎನ್ನಲಿಲ್ಲ. ಇಲ್ಲ ಎನ್ನಲೂ ಇಲ್ಲ.

ಎರಡು ದಿನ ಅಜ್ಜಿ ಏನನ್ನೂ ಹೇಳಲಿಲ್ಲ. ಸ್ವಾಲಾ ಕೇಳಲಿಲ್ಲ. ಕೇಳಿದರೆ ಅಜ್ಜಿ ಚೆನ್ನಾಗಿದೆ ಎಂದೇ ಹೇಳುತ್ತಾಳೆ, ಇಲ್ಲದಿದ್ದರೆ ಮೊಮ್ಮಗಳಿಗೆ ಬೇಜಾರಾಗುತ್ತದಲ್ಲ. ಹಾಗೆ ಹೇಳಿದರೆ ನಂಬುವುದು ಹೇಗೆ? ಚೆನ್ನಾಗಿಲ್ಲ ಎಂದರೆ ಅದನ್ನು ಕೇಳುವುದು ಹೇಗೆ?

ಮೂರನೇ ದಿನ ಅಜ್ಜಿಯೇ ಫೋನ್ ಮಾಡಿದಳು. “ಬೂಟು ಹಾಕ್ಕೊಂಡು ಬಾ. ಅಂಗಡಿಗೆ ಹೋಗೋಣ.”

ಅಜ್ಜಿಯ ಮನೆ ಪಕ್ಕದ ಬೀದಿಯಲ್ಲೇ ಇತ್ತು. ಸ್ವಾಲಾ ಹೋದಾಗ ಅಜ್ಜಿ ಚೀಲ ತುಂಬುತ್ತಿದ್ದಳು. ತಂಗಿ ಕೊಟ್ಟ ಪುಸ್ತಕ. ಪಕ್ಕದ ಮನೆಯವರು ಕೊಟ್ಟ ಪುಸ್ತಕ. ಎರಡಕ್ಕೂ ಪ್ಲಾಸ್ಟಿಕ್ ಹಾಗೇ ಮಿರಿ ಮಿರಿ ಹೊಳೆಯುತ್ತಿತ್ತು. ಆಮೇಲೆ, ಎಲ್ಲಕ್ಕಿಂತ ಮೇಲೆ, ಅಜ್ಜಿ ಮೀನಿನ ವಾಸನೆಯ ಪುಸ್ತಕವನ್ನೂ ಇಟ್ಟಳು.

ಚೀಲ ನಾನು ಹಿಡಿಯುತ್ತೇನೆ ಎಂದು ಪ್ರತಿವರ್ಷ ಹಟ ಮಾಡುವ ಸ್ವಾಲಾ ಈ ಸಲ ಸುಮ್ಮನೆ ಪಕ್ಕದಲ್ಲಿ ನಡೆದಳು.

ಚಳಿಗಾಲದಲ್ಲಿ ಅಲ್ಲಿ ಹಗಲೆಂದರೆ ನಾಲ್ಕೈದು ತಾಸು ಮಾತ್ರ. ಬೆಳಗಿನ ಹನ್ನೊಂದಾದರೂ ನಸುಗತ್ತಲು ಪೂರ್ತಿ ಹರಿದಿರಲಿಲ್ಲ. ಬೆಟ್ಟದ ನೆತ್ತಿ ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅಂಗಡಿಯ ಕ್ಯೂ ಬಾಗಿಲಿಂದ ಆಚೆಗೂ ಬಂದಿತ್ತು. ಎಲ್ಲರ ಕೈಯಲ್ಲೂ ಚೀಲ, ಎಲ್ಲರ ಬಾಯಲ್ಲೂ ಮಾತು. ಅಜ್ಜಿಯ ಗೆಳತಿ ಗೀಗ್ಯಾ ದೂರದಿಂದಲೇ ಕೈಬೀಸಿ ಇವರಿಬ್ಬರನ್ನೂ ತನ್ನ ಹಿಂದೆ ನಿಲ್ಲಿಸಿಕೊಂಡಳು.

“ರನ್‌ವೇಗ್! ನಿಂಗೇನು ಬಂತೇ?” ಎಂದು ಅಜ್ಜಿಯನ್ನು ಹೆಸರು ಹಿಡಿದು ಕೇಳಿದಳು.

“ಕೊಲೆ ಒಂದು, ತೋಟಗಾರಿಕೆ ಒಂದು. ನಿಂಗೆ?”

“ನಂಗೆ ಎರಡು ಕೊಲೆ. ಒಂದನ್ನ ಇಟ್ಕೊಂಡಿದ್ದೀನಿ. ಆ ಡಾಕ್ಟರ್ ಇದ್ದಾನಲ್ಲ, ಅವನ ಮೇಲೇ ನಂಗೆ ಅನುಮಾನ.”

“ಯಾವುದದು? ಹಳದಿ ಮುಖಪುಟದ್ದಾ? ತಡಿ, ನಾನೂ ಅದನ್ನೇ ತಗೋತೀನಿ. ನಿಂಗೆ ಯಾವಾಗ್ಲೂ ಡಾಕ್ಟರ ಮೇಲೇ ಅನುಮಾನ.”

“ಯಾವಾಗ್ಲೂ ಡಾಕ್ಟರೇ ಮಾಡಿರ್ತಾನೆ!”

“ಹೋಗೇ! ಹೋದ ವರ್ಷ ಪಾದ್ರಿ ಅಲ್ವಾ ಮಾಡಿದ್ದು? ಏಪ್ರಿಲ್‌ವರೆಗೂ ಅದಕ್ಕೇ ಕಿತ್ತಾಡಿದ್ವಿ.”

ಇಬ್ಬರೂ ನಕ್ಕರು. ಸ್ವಾಲಾ ಅಜ್ಜಿಯ ಮುಖ ನೋಡಿದಳು. ಹೋದ ವರ್ಷ ಅಮ್ಮನ ಪುಸ್ತಕ ಕೊಟ್ಟು ಅಜ್ಜಿ ತಂದದ್ದು ಒಂದು ಕೊಲೆ ಕತೆ. ಅದು ಸ್ವಾಲಾಳಿಗೆ ನೆನಪಿತ್ತು. ಅದರಲ್ಲಿ ನಾಯಿ ಕೂಡ ಸಾಯುತ್ತದೆ ಎಂದು ಅಜ್ಜಿಯೇ ಬೈದುಕೊಂಡಿದ್ದಳು. ಹಾಗಾದರೆ ಅದನ್ನು ಯಾಕೆ ತಂದಳು? ಸ್ವಾಲಾ ಗೀಗ್ಯಾಳ ಕಡೆ ನೋಡಿದಳು. ಮತ್ತೆ ಅಜ್ಜಿಯ ಕಡೆ ನೋಡಿದಳು.

“ಆ ವಾಸನೆ ಎಲ್ಲಿಂದ?” ಗೀಗ್ಯಾ ಇದ್ದಕ್ಕಿದ್ದಂತೆ ಸುತ್ತ ತಿರುಗಿದಳು. “ಯಾರೋ ತೊರಕೆ ಮೀನು ತಂದಿದ್ದಾರೆ ಕ್ಯೂಗೆ!”

ಅಜ್ಜಿ ಚೀಲದಿಂದ ಪುಸ್ತಕ ತೆಗೆದು ಗೀಗ್ಯಾಳ ಮೂಗಿನ ಕೆಳಗೆ ಹಿಡಿದಳು. “ನಮ್ಮ ಸ್ವಾಲಾ ಆರಿಸಿದ್ದು.”

“ದೇವ್ರೇ!”

ಪುಸ್ತಕ ಕೈಯಿಂದ ಕೈಗೆ ಹೋಯಿತು. ಮುಂದಿನವರು ಮೂಸಿದರು, ಹಿಂದಿನವರು ಮೂಸಿದರು. ಒಬ್ಬ ಗಡ್ಡದ ಮುದುಕ ಕಣ್ಣು ಮುಚ್ಚಿ, “ಆಹಾ, ನಮ್ಮಮ್ಮನ ಅಡುಗೆಮನೆ,” ಎಂದ. ಸ್ವಾಲಾಳಿಗೆ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು. ಪುಸ್ತಕ ಕೊನೆಗೆ ಮೇಜಿನ ಹಿಂದೆ ನಿಂತಿದ್ದ ಡ್ರೀಫಾಳ ಕೈಗೆ ಹೋಗಿ ಮುಟ್ಟಿತು.

“ರನ್‌ವೇಗ್, ಇದನ್ನ ಮಾತ್ರ ವಾಪಸ್ ತಗೊಳ್ಳೋಕೆ ಆಗಲ್ಲಪ್ಪ,” ಎಂದಳು ಡ್ರೀಫಾ, ಮೂಗು ಹಿಡಿದುಕೊಂಡು. “ಪ್ಲಾಸ್ಟಿಕ್ಕೂ ಇಲ್ಲ. ಇಟ್ರೆ ಇಡೀ ಅಂಗಡಿ ನಾರುತ್ತೆ.”

“ವಾಪಸ್ ತಗೋ ಅಂತ ನಿಂಗೆ ಯಾರು ಹೇಳಿದ್ರು?” ಅಜ್ಜಿ ಕೈಚಾಚಿ ಪುಸ್ತಕವನ್ನು ಕಿತ್ತುಕೊಂಡಳು. “ನಾನಿನ್ನೂ ಒಂಬತ್ತನೇ ಅಧ್ಯಾಯದಲ್ಲಿದ್ದೀನಿ.”

ಸ್ವಾಲಾ ತಲೆಯೆತ್ತಿದಳು.

ಅಜ್ಜಿ ಪುಸ್ತಕ ತೆರೆದು ಅವಳಿಗೆ ತೋರಿಸಿದಳು. ಪುಟದ ಅಂಚಿನಲ್ಲಿ ಹಳದಿ ಬೆರಳಿನ ಗುರುತು. ಹಿಂದಿನ ಪುಟದಲ್ಲೂ ಇತ್ತು. ಅದರ ಹಿಂದೆಯೂ ಇತ್ತು. ಕಿತ್ತಳೆ ರಸ.

“ಇಲ್ಲೀವರೆಗೂ ನೀನು ಬಂದಿದ್ದೀಯ,” ಎಂದಳು ಅಜ್ಜಿ. “ಇಲ್ಲಿಂದ ಮುಂದೆ ಪುಟ ಬೆಳ್ಳಗಿದೆ. ಡೀಸಾ ಫೋನ್ ಕೈಲಿ ಹಿಡ್ಕೊಂಡು ನಿಂತಿದ್ದಾಳೆ, ಮುದುಕನ ಕುದುರೆ ಹೋಗ್ತಿದೆ, ಅಲ್ಲಿ ಓದೋದು ನಿಲ್ಸಿದ್ಯಾ? ಯಾವ ಮನುಷ್ಯರು ಅಲ್ಲಿ ನಿಲ್ಲಿಸ್ತಾರೆ?”

“ಅದು... ಪ್ಲಾಸ್ಟಿಕ್... ನಿಂಗೆ ಬದಲಾಯಿಸೋಕೆ ಆಗಲ್ಲ ಅಂತ ಟಿಂಡುರ್...”

“ಅವನ ಮಾತು ಬಿಡು. ಡೀಸಾ ಮುದುಕನಿಗೆ ಹೇಳ್ಬೇಕಾ, ಬೇಡ್ವಾ? ಅದು ಹೇಳು ನೀನು.”

“ಹೇಳಲೇಬೇಕು!” ಸ್ವಾಲಾಳ ಬಾಯಿಂದ ಮಾತು ತಾನೇ ಹೊರಬಿತ್ತು. “ಇಲ್ದಿದ್ರೆ ಕುದುರೆ ಹೋಗುತ್ತಲ್ಲ!”

“ಹೇಳಿದ್ರೆ ನಾಳೆಯಿಂದ ಯಾರೂ ಅವಳ ಹತ್ರ ಮಾತಾಡಲ್ಲ. ಅದು ಸಣ್ಣ ಊರು ಕಣೇ. ನಾನಾಗಿದ್ರೆ ಬಾಯಿ ಮುಚ್ಕೊಂಡು, ರಾತ್ರಿ ಹೋಗಿ ಕುದುರೆನ ಬೇರೆ ಕಡೆ ಕಟ್ಟಿ ಬರ್ತಿದ್ದೆ.”

“ಅದು ಸುಳ್ಳು ಹೇಳ್ದ ಹಾಗೆ!”

“ಅದು ಬುದ್ಧಿವಂತಿಕೆ.”

“ಅಲ್ಲ!”

“ನೋಡಿದ್ಯಾ ಗೀಗ್ಯಾ, ಹೇಗೆ ಕಿತ್ತಾಡ್ತಾಳೆ!” ಅಜ್ಜಿಯ ಕೆನ್ನೆ ಕೆಂಪಗಾಗಿತ್ತು. ಅದು ಚಳಿಗೆ ಆಗುವ ಕೆಂಪಿನ ಹಾಗಿರಲಿಲ್ಲ. “ನಂಗೆ ಕೊಡೋರೆಲ್ಲ ಪ್ಲಾಸ್ಟಿಕ್ ಕೊಡ್ತಾರೆ. ಒಳಗೆ ಏನಿದೆ ಅಂತ ಅವರಿಗೂ ಗೊತ್ತಿರಲ್ಲ.”

“ಅಜ್ಜಿ, ಮುಂದೆ ಏನಾಗುತ್ತೆ? ಆ ಪುಸ್ತಕ ನಂಗೂ ಒಂದು ದಿನಕ್ಕೆ ಕೊಡು.”

“ಕೊಡಲ್ಲ.” ಅಜ್ಜಿ ಪುಸ್ತಕವನ್ನು ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿಕೊಂಡಳು. “ಇದು ನನ್ನದು.”

ಆಮೇಲೆ ಅವಳು ಕೊಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಗೀಗ್ಯಾಳ ಹಳದಿ ಪುಸ್ತಕದಂಥದ್ದೇ ಇನ್ನೊಂದನ್ನು ತೆಗೆದುಕೊಂಡಳು. ತೋಟಗಾರಿಕೆಯದನ್ನು ಕೊಟ್ಟು, ಫೋನ್ ಹಿಡಿದ ಹೆಂಗಸಿನ ಮುಖಪುಟವಿದ್ದ ಇನ್ನೊಂದು ಪುಸ್ತಕ ಬೇಕು ಎಂದಳು. ಹೊಚ್ಚ ಹೊಸದು, ಪ್ಲಾಸ್ಟಿಕ್ ಸುತ್ತಿದ್ದು, ಸ್ಟಿಕ್ಕರ್ ಇದ್ದದ್ದು. ಅದನ್ನು ಸ್ವಾಲಾಳ ಕೈಗೆ ಕೊಟ್ಟಳು.

“ಬೇಡ ಅನ್ನಿಸಿದ್ರೆ ಬದಲಾಯಿಸ್ಕೋಬಹುದು,” ಎಂದಳು.

ದಾರಿಯಲ್ಲಿ ಚೀಲವನ್ನು ಸ್ವಾಲಾಳೇ ಹಿಡಿದಳು. ಅಜ್ಜಿಯ ಕೋಟಿನಿಂದ ಮೆಲ್ಲಗೆ ಮೀನಿನ ವಾಸನೆ ಬರುತ್ತಿತ್ತು.

“ಅಜ್ಜಿ, ನಿಂಗೆ ಆ ಪುಸ್ತಕ ಇಷ್ಟ ಆಯ್ತಾ?”

“ಇನ್ನೂ ಗೊತ್ತಿಲ್ಲ. ಮುಗೀಲಿ.”

ಅದೂ ಉತ್ತರ ಅಲ್ಲ. ಆದರೆ ಈ ಸಲ ಸ್ವಾಲಾ ಮತ್ತೆ ಕೇಳಲಿಲ್ಲ.

ಮಧ್ಯಾಹ್ನ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತಳು. ಹೊರಗೆ ಆಗಲೇ ಮತ್ತೆ ಕತ್ತಲಾಗುತ್ತಿತ್ತು. ಎದುರು ಮನೆಗಳ ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು. ತೊಡೆಯ ಮೇಲೆ ಹೊಸ ಪುಸ್ತಕ ಇತ್ತು. ಅದರ ದುಂಡನೆಯ ಸ್ಟಿಕ್ಕರನ್ನು ಅವಳು ಒಂದು ಸಲ ಬೆರಳಿನಿಂದ ಸವರಿದಳು.

ಆಮೇಲೆ ಉಗುರಿನಿಂದ ಮೂಲೆ ಕೆರೆದಳು. ಚರ್.

ಕಿತ್ತಳೆ ಸುಲಿದು ಪಕ್ಕದಲ್ಲಿಟ್ಟುಕೊಂಡು ಅಜ್ಜಿಗೆ ಫೋನ್ ಮಾಡಿದಳು.

“ಅಜ್ಜಿ, ಎಲ್ಲಿದ್ದೀಯ?”

“ಹತ್ತನೇ ಅಧ್ಯಾಯದ ಮೊದಲನೇ ಸಾಲು. ನಿಂಗೋಸ್ಕರ ಕಾಯ್ತಿದ್ದೆ. ನೀನು?”

“ನಾನೂ ಅಲ್ಲೇ.”

“ಹಾಗಾದ್ರೆ ಮಾತು ಸಾಕು. ಓದು.”

ಯಾರೂ ಫೋನ್ ಇಡಲಿಲ್ಲ. ಸ್ವಾಲಾ ಅದನ್ನು ಸ್ಪೀಕರಿಗೆ ಹಾಕಿ ಕಿತ್ತಳೆ ಸಿಪ್ಪೆಯ ಪಕ್ಕದಲ್ಲಿಟ್ಟಳು. ಅದರೊಳಗಿಂದ ಅಜ್ಜಿಯ ಮನೆಯ ಗಡಿಯಾರ ಕೇಳಿಸಿತು. ಒಂದು ಟಕ್ ಜೋರು, ಒಂದು ಮೆಲ್ಲಗೆ. ನಡುನಡುವೆ ಪುಟ ತಿರುಗುವ ಸದ್ದು. ಕಾಫಿ ಬಟ್ಟಲು ಕೆಳಗಿಟ್ಟ ಸದ್ದು.

ಸ್ವಾಲಾ ಓದಿದಳು. ಡೀಸಾ ಕೋಟು ಹಾಕಿಕೊಂಡಳು. ಡೀಸಾ ಬಾಗಿಲು ತೆರೆದಳು. ನಾಯಿ ಹಿಂದೆಯೇ ಹೊರಟಿತು. ಪುಟದ ಕೆಳಗಿನ ಸಾಲಿಗೆ ಬಂದಾಗ ಸ್ವಾಲಾಳ ಬಾಯಲ್ಲಿ ಕಿತ್ತಳೆ ತೊಳೆ ಹಾಗೇ ನಿಂತಿತು.

ಅದೇ ಕ್ಷಣಕ್ಕೆ ಫೋನಿನೊಳಗಿಂದ ಅಜ್ಜಿ, “ಹುಂ!” ಎಂದಳು.

ಯಾವ ಸಾಲಿಗೆ ಎಂದು ಸ್ವಾಲಾ ಕೇಳಲಿಲ್ಲ. ರಸ ಹತ್ತಿದ ಬೆರಳಿನಿಂದ ಪುಟ ತಿರುವಿದಳು.